ಓಗೊಡುವ ಹೆಸರು

ಫೋರ್ಟ್ ಗ್ರೀರ್ ಶಾಸನಭವನದ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ ನಾನು ಊಟದ ಕೌಂಟರ್ ನಡೆಸಿದೆ. ಮೇಲೆ ಒಬ್ಬರ ಕುತ್ತಿಗೆ ಒಬ್ಬರು ಹಿಡಿಯುತ್ತಿದ್ದ ಎರಡೂ ಪಕ್ಷದವರು ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿಳಿದು, ನಾನು ಮಾಡಿದ ಚಿಲಿ ಸಾರಿಗೆ ದಾಲ್ಚಿನ್ನಿಯ ಸಿಹಿ ರೋಲ್ ಅದ್ದಿಕೊಂಡು ಅಕ್ಕಪಕ್ಕ ಕೂತು ತಿನ್ನುತ್ತಿದ್ದರು. ಮಾಂಸದ ಖಾರಕ್ಕೆ ಸಿಹಿ ಬ್ರೆಡ್ಡೇ ಎಂದು ಹೊರಗಿನವರು ಮೂಗು ಮುರಿಯುತ್ತಾರೆ. ಮುರಿಯಲಿ, ನಮಗೇನು.

ಹೆಚ್ಚುಕಡಿಮೆ ದಿನವೂ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವಳು ಲವಾನ್. ಮೇಲ್ಮನೆಯಲ್ಲಿ ಹೆಸರು ಕೂಗುವ ಗುಮಾಸ್ತೆ. ಯಾವುದೇ ವಿಷಯ ಮತಕ್ಕೆ ಬಂದರೂ ಮೂವತ್ಮೂರು ಸೆನೆಟರುಗಳ ಹೆಸರನ್ನು ಒಂದೊಂದಾಗಿ ಕೂಗುವುದು, ಅವರ ಹೌದು-ಇಲ್ಲಗಳನ್ನು ಬರೆದುಕೊಳ್ಳುವುದು, ಇಷ್ಟೇ ಅವಳ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದಳು. ನಾನು ಅವಳನ್ನು ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದೆ. "ಕುಚೆರಾ, ನಿನ್ನ ಚಿಲಿ ಆರ್ತಿದೆ!" ಎಂದರೆ ಪೇಪರ್ ಮಡಚಿ ಎದ್ದು ಬರುತ್ತಿದ್ದಳು.

ಇಷ್ಟೇ ಕೆಲಸ ಅಂದೆನಲ್ಲ, ಅದು ನನ್ನ ತಪ್ಪು. ಹೊಸ ಸೆನೆಟರ್ ಯಾರೇ ಬರಲಿ, ಮೊದಲ ವಾರವೇ ಪೆನ್ಸಿಲ್ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದಳು. "ನಿಮ್ಮಜ್ಜಿ ನಿಮ್ಮ ಮನೆತನದ ಹೆಸರನ್ನ ಹೇಗೆ ಹೇಳ್ತಿದ್ರು?" ಎಂದು ಕೇಳುತ್ತಿದ್ದಳು. ನಮ್ಮ ಸೀಮೆಗೆ ಜನ ಬಂದದ್ದು ಹತ್ತು ದೇಶಗಳಿಂದ. ಅವರ ಹೆಸರುಗಳೆಲ್ಲ ಇಲ್ಲಿನ ಬಾಯಿಗಳಲ್ಲಿ ಸವೆದು ಬೇರೇನೋ ಆಗಿವೆ. ಲವಾನಳ ಬಾಯಲ್ಲಿ ಮಾತ್ರ ಅವು ಹುಟ್ಟಿದ ರೂಪದಲ್ಲಿ ಬರುತ್ತಿದ್ದವು. ಇಡೀ ಊರು ವಾಂಡ್ರಸೆಕ್ ಎನ್ನುತ್ತಿದ್ದ ಸೆನೆಟರನನ್ನು ಅವಳೊಬ್ಬಳು "ವೊಂದ್ರಾಚೆಕ್" ಎಂದು ಕೂಗುತ್ತಿದ್ದಳು. ಸ್ವಂತ ಹೆಂಡತಿಯೂ ಅವನನ್ನು ವಾಂಡ್ರಸೆಕ್ ಎಂದೇ ಕರೆಯುತ್ತಿದ್ದಳೆಂದರೆ ನೀವೇ ನೋಡಿ.

ಲವಾನಳಿಗೆ ಇನ್ನೊಂದು ಹಠವಿತ್ತು. ಅವಳು ಯಾವ ಪಕ್ಷಕ್ಕೆ ಓಟು ಹಾಕುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ನಾನು ಕೇಳದೆ ಬಿಟ್ಟವಳಲ್ಲ.

"ಸಾಯೋ ಮುಂಚೆಯಾದ್ರೂ ಹೇಳ್ತೀಯೇನೇ?"

"ಯಾರು ಸಾಯೋ ಮುಂಚೆ, ನಾನಾ ನೀನಾ?" ಎಂದು ನಕ್ಕು, ಆಮೇಲೆ ನಿಜವಾಗಿಯೇ ಹೇಳಿದ್ದಳು. "ನಂಗಿರೋದು ಒಂದೇ ಆಸೆ ಕಣೇ ಮರ್ನಾ. ಆ ಮೇಜು ಬಿಟ್ಟು ಹೋಗೋ ದಿನ ನಾನು ಯಾವ ಕಡೆಯವಳು ಅಂತ ಆ ಮೇಲ್ಮನೇಲಿ ಒಬ್ಬರಿಗೂ ಗೊತ್ತಿರಬಾರದು."

ಆ ಆಸೆಗೆ ಕುತ್ತು ಬಂದದ್ದು ಗವರ್ನರ್ ಕ್ಲೈಡ್ ವೆಸ್ಟರ್‌ಗಾರ್ಡ್‌ನಿಂದ. ನಮ್ಮಲ್ಲಿ ಗವರ್ನರ್ ಎಂದರೆ ಜನ ಓಟು ಹಾಕಿ ಕೂರಿಸಿದ ರಾಜ್ಯದ ಯಜಮಾನ. ಪ್ರವಾಹದಲ್ಲಿ ಕೊಚ್ಚಿಹೋದ ಹಳ್ಳಿಗಳ ರಸ್ತೆಗೆಂದು ತಂದ ಜಲ್ಲಿಯಲ್ಲಿ ನಲವತ್ತು ಲಾರಿ ಜಲ್ಲಿಯನ್ನು ಈ ಯಜಮಾನ ತನ್ನ ದನದ ಹುಲ್ಲುಗಾವಲಿನ ದಾರಿಗೆ ಸುರಿಸಿಕೊಂಡ ಎಂದು ಕೆಳಮನೆ ಆರೋಪ ಹೊರಿಸಿತು. ವಿಚಾರಣೆ ಮಾಡಬೇಕಾದದ್ದು ಮೇಲ್ಮನೆ. ಸುರಿಸಿಕೊಂಡಿದ್ದ ಎಂದೇ ನನ್ನ ಅಂದಾಜು, ಆದರೆ ಚಿಲಿ ಬಡಿಸುವವಳ ಅಂದಾಜು ಯಾರಿಗೆ ಬೇಕು. ವಿಚಾರಣೆಗೆ ಎರಡು ದಿನ ಇದೆ ಎನ್ನುವಾಗ ಅವನು ರಾಜೀನಾಮೆ ಬಿಸಾಡಿ ಮನೆಗೆ ಹೋದ.

ಅಲ್ಲಿಂದ ಶುರುವಾಯಿತು ರಗಳೆ. ಗವರ್ನರನ ಪಕ್ಷದ ನಾಯಕ ಇದೇ ವೊಂದ್ರಾಚೆಕ್. "ಕುರ್ಚೀಲಿ ಇಲ್ಲದೋನನ್ನ ಕುರ್ಚಿಯಿಂದ ಇಳಿಸೋದು ಹೇಗ್ರೀ?" ಎಂದು ನನ್ನ ಕೌಂಟರಿನಲ್ಲೇ ಚಮಚ ಕುಟ್ಟಿ ಕೇಳಿದ. ಎದುರುಪಕ್ಷದ ಸೆನೆಟರ್ ಒಪಲ್ ಹ್ಯಾಚ್ ಆ ತುದಿಯಿಂದಲೇ ಉತ್ತರ ಕೊಟ್ಟಳು. "ಹಾಗಿದ್ರೆ ಕದ್ದೋರೆಲ್ಲ ಹಿಂದಿನ ದಿನ ರಾಜೀನಾಮೆ ಕೊಟ್ಟು ಹೋಗ್ಲಿ, ಮುಂದಿನ ಚುನಾವಣೇಲಿ ಹಾರ ಹಾಕ್ಕೊಂಡು ವಾಪಸ್ ಬರ್ಲಿ. ಅಷ್ಟೇ ತಾನೇ ನಿಮ್ಮ ನ್ಯಾಯ?"

ನಿಜವಾದ ಜಗಳ ಇದ್ದದ್ದು ಅಲ್ಲೇ. ತಪ್ಪಿತಸ್ಥನೆಂದು ಮೇಲ್ಮನೆ ಹೇಳಿಬಿಟ್ಟರೆ ಅವನು ಇನ್ನು ಬದುಕಿರುವ ತನಕ ಯಾವ ಚುನಾವಣೆಗೂ ನಿಲ್ಲುವಂತಿಲ್ಲ. ಎದುರುಪಕ್ಷಕ್ಕೆ ಅದೇ ಬೇಕಿತ್ತು. ವೊಂದ್ರಾಚೆಕನ ಸ್ಥಿತಿ ಇನ್ನೂ ಮಜವಾಗಿತ್ತು. ಬಾಯಲ್ಲಿ ಗವರ್ನರನ ಪರ, ಹೊಟ್ಟೆಯಲ್ಲಿ ಗವರ್ನರನ ಕುರ್ಚಿಯ ಆಸೆ. ಅವನ ಪಕ್ಷದ ಉಳಿದವರಿಗೆ "ಅವನೀಗ ಗವರ್ನರೇ ಅಲ್ಲ" ಎಂಬ ಮಾತೇ ಪಾರಾಗುವ ಕಿಂಡಿ. ಕದ್ದ ಎಂದೂ ಹೇಳಬೇಕಿಲ್ಲ, ಕದ್ದಿಲ್ಲ ಎಂದೂ ಹೇಳಬೇಕಿಲ್ಲ.

ಆದರೆ ನಮ್ಮ ಕಡೆ ಒಂದು ರೂಢಿಯಿದೆ. ಒಮ್ಮೆ ಗವರ್ನರ್ ಆದವನನ್ನು ಸಾಯುವ ತನಕ ಗವರ್ನರ್ ಎಂದೇ ಕರೆಯಬೇಕು. ಕ್ಷೌರದಂಗಡಿಯಲ್ಲೂ ಅಷ್ಟೇ, ಚರ್ಚಿನಲ್ಲೂ ಅಷ್ಟೇ. ಹಾಗಾಗಿ ವಿಚಾರಣೆಯ ಮೊದಲ ದಿನ ಅವನನ್ನು ಏನೆಂದು ಕೂಗಬೇಕು ಎಂಬುದಕ್ಕೇ ಎರಡು ದಿನ ವಾಗ್ವಾದ ನಡೆಯಿತು. ಗವರ್ನರ್ ಎಂದರೆ ವಿಚಾರಣೆ ಸರಿ ಎಂದು ಒಪ್ಪಿದಂತೆ ಎಂದರು ವೊಂದ್ರಾಚೆಕನ ಕಡೆಯವರು. ಬರೀ ಶ್ರೀ ಎಂದರೆ ವಿಚಾರಣೆ ತಪ್ಪು ಎಂದಂತೆ ಎಂದರು ಹ್ಯಾಚಳ ಕಡೆಯವರು. ಮಾಜಿ ಎಂಬ ಪದ ಇಬ್ಬರಿಗೂ ಹಿಡಿಸಲಿಲ್ಲ. ಕೊನೆಗೆ ಬಿರುದು ಬಾವಲಿ ಏನೂ ಇಲ್ಲದೆ ಬೋಳು ಹೆಸರು ಕೂಗುವುದೆಂದು ತೀರ್ಮಾನವಾಯಿತು. ಚೀಟಿ ಬರೆದು ಲವಾನಳ ಕೈಗೆ ಕೊಟ್ಟರು.

"ಹೆದರಿಕೆ ಆಗ್ತಿದೆಯೇನೇ?" ಎಂದೆ.

"ಚೀಟೀಲಿ ಇರೋದನ್ನ ಓದೋಕೆ ಹೆದರಿಕೆ ಯಾಕೆ?" ಎಂದಳು. ರೋಲ್ ಮಾತ್ರ ಅರ್ಧ ಬಿಟ್ಟು ಎದ್ದಳು.

ವಿಚಾರಣೆಯ ಮೊದಲ ಬೆಳಿಗ್ಗೆ ನಾನು ಕೌಂಟರಿಗೆ ಬೀಗ ಹಾಕಿ ಮೇಲಿನ ಗ್ಯಾಲರಿಗೆ ಹತ್ತಿದೆ. ವೆಸ್ಟರ್‌ಗಾರ್ಡ್ ಬೂದು ಸೂಟಿನಲ್ಲಿ ವಕೀಲರ ನಡುವೆ ಕೂತಿದ್ದ. ಲವಾನ್ ಎದ್ದು ನಿಂತು ಕೂಗಿದಳು. "ಕ್ಲೈಡ್ ಎಮಿಲ್ ವೆಸ್ಟರ್‌ಗಾರ್ಡ್!"

ಅವನು ಏಳಲಿಲ್ಲ. ಕೇಳಿಸಿತ್ತು, ಕಿವಿ ಕೆಂಪಾದದ್ದು ಗ್ಯಾಲರಿಗೂ ಕಂಡಿತು. ಗವರ್ನರ್ ಆದ ಮೇಲೆ ಎಂಟು ವರ್ಷ ಯಾರೂ ಅವನನ್ನು ಹಾಗೆ ಕೂಗಿರಲಿಲ್ಲ. ಎರಡನೆಯ ಸಲ ಕೂಗಿದಳು, ಇಲ್ಲ. ಮೂರನೆಯ ಸಲವೂ ಇಲ್ಲ. ವಕೀಲ ಮೊಣಕೈಯಿಂದ ತಿವಿದರೂ ಅವನು ಗೋಡೆ ನೋಡುತ್ತ ಕೂತ. ಸಭಾಪತಿ ಸುತ್ತಿಗೆ ಹಿಡಿದುಕೊಂಡು ಏನು ಮಾಡಲೆಂದು ತೋಚದೆ ಪೇಚಿಗೆ ಬಿದ್ದ.

ಲವಾನ್ ಕನ್ನಡಕ ತೆಗೆದಳು. ಬೇಲಿಯಾಚೆಯ ನೆರೆಯವನಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. "ಗವರ್ನರ್, ಎಲ್ರೂ ಕಾಯ್ತಿದ್ದಾರೆ."

"ಬಂದೆನಮ್ಮಾ" ಎಂದು ಅವನು ಥಟ್ಟನೆ ಎದ್ದು ನಿಂತ.

ಗ್ಯಾಲರಿ ಗೊಳ್ಳೆಂದಿತು. ಒಪಲ್ ಹ್ಯಾಚ್ ಎದ್ದಳು. "ಸಭಾಪತಿಗಳೇ, ಆಪಾದಿತರು ಯಾವ ಹೆಸರಿಗೆ ಎದ್ದು ನಿಂತ್ರು ಅನ್ನೋದನ್ನ ದಯವಿಟ್ಟು ಕಡತದಲ್ಲಿ ಬರೆಸಿ. ಗವರ್ನರ್ ಅಲ್ಲ ಅಂತ ಅವರ ವಕೀಲರಷ್ಟೇ ಹೇಳ್ತಿರೋದು!"

ವೊಂದ್ರಾಚೆಕನಿಗೆ ಉರಿದುಹೋಯಿತು. ಗುಮಾಸ್ತೆ ಸದನದ ತೀರ್ಮಾನ ಮೀರಿದ್ದಾಳೆ, ತಾನು ಯಾವ ಕಡೆಯವಳೆಂದು ತೋರಿಸಿಕೊಂಡಿದ್ದಾಳೆ, ಈಗಲೇ ಕೆಲಸದಿಂದ ತೆಗೆಯಬೇಕು ಎಂದು ಅಲ್ಲೇ ನಿರ್ಣಯ ತಂದ. ಯಾವ ಕಡೆಯವಳು! ಆ ಮಾತಿಗೆ ಲವಾನಳ ಮುಖ ಬಿಳಿಚಿದ್ದನ್ನು ನಾನು ಮರೆತಿಲ್ಲ. ಕೈಗೆ ಸಿಕ್ಕಿದ್ದರೆ ಅವನ ತಲೆಯ ಮೇಲೆ ಚಿಲಿ ಪಾತ್ರೆ ಕವುಚುತ್ತಿದ್ದೆ.

"ಏನಾದ್ರೂ ಹೇಳೋದಿದೆಯಾ ಅಮ್ಮಾ?" ಎಂದ ಸಭಾಪತಿ.

"ತಪ್ಪಾಗಿದೆ, ಚೀಟೀಲಿ ಇಲ್ಲದ್ದು ಹೇಳ್ದೆ" ಎಂದಳು. "ಆದ್ರೆ ಪಕ್ಷ ನೋಡಿ ಹೇಳಿದ್ದಲ್ಲ. ಯಾರು ಯಾವ ಹೆಸರಿಗೆ ಓಗೊಡ್ತಾರೋ ಆ ಹೆಸರಿಂದ ಕರೆಯೋದೇ ಇಪ್ಪತ್ತೆಂಟು ವರ್ಷದಿಂದ ನನ್ನ ಕೆಲಸ. ಅವರು ಏಳ್ತಿರ್ಲಿಲ್ಲ."

ನಿರ್ಣಯ ಮತಕ್ಕೆ ಬಂತು. ಈಗ ಹೆಸರು ಕೂಗುವವರು ಯಾರು? ಬೇರೆ ಯಾರಾದರೂ ಓದಲಿ ಎಂದ ಸಭಾಪತಿ.

"ಪರವಾಗಿಲ್ಲ ಸ್ವಾಮಿ. ಈ ಮತ ಮುಗಿಯೋ ತನಕ ಕೆಲಸ ನಂದೇ ಅಲ್ವಾ?" ಎಂದು ಲವಾನ್ ಕನ್ನಡಕ ಹಾಕಿಕೊಂಡು ಪಟ್ಟಿ ಕೈಗೆತ್ತಿಕೊಂಡಳು.

ತನ್ನನ್ನು ಹೊರಗೆ ಹಾಕುವ ಮತಕ್ಕೆ ತಾನೇ ಹೆಸರು ಕೂಗಿದಳು. ದಿನವೂ ಕೂಗುವ ಅದೇ ದನಿ, ಅದೇ ಲಯ. ಪ್ರತಿಯೊಬ್ಬರ ಹೆಸರೂ ಅವರವರ ಅಜ್ಜಿ ಹೇಳಿದ ಹಾಗೆ. ಹೌದು ಎಂದವರನ್ನೂ ಇಲ್ಲ ಎಂದವರನ್ನೂ ಒಂದೇ ಪೆನ್ಸಿಲಿನಿಂದ ಗುರುತು ಹಾಕಿಕೊಂಡಳು. ಸದನ ಪಕ್ಷದ ಪ್ರಕಾರ ಎರಡು ಹೋಳಾಗಿತ್ತು. ಮೂವತ್ತೆರಡು ಹೆಸರು ಮುಗಿದಾಗ ಹದಿನಾರು ಹೌದು, ಹದಿನಾರು ಇಲ್ಲ. ಪಟ್ಟಿಯ ಕೊನೆಯ ಹೆಸರು ನಿರ್ಣಯ ತಂದವನದೇ. ಇನ್ನೇನು, ಮುಗಿಯಿತು ಎಂದುಕೊಂಡೆ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

"ವೊಂದ್ರಾಚೆಕ್" ಎಂದಳು ಲವಾನ್. ಚೆ ಎಂಬಲ್ಲಿ ಎಷ್ಟು ಒತ್ತಬೇಕೋ ಅಷ್ಟೇ ಒತ್ತಿ.

ಅವನು ಕೈಯಲ್ಲಿದ್ದ ಕಾಗದ ನೋಡಿದ. ಅವಳು ಕನ್ನಡಕದ ಮೇಲಿಂದ ನೋಡುತ್ತ ಕಾದಳು, ಪೆನ್ಸಿಲ್ ಎತ್ತಿಕೊಂಡು.

"ಇಲ್ಲ" ಎಂದ.

"ಏನಂದ್ರಿ, ಸೆನೆಟರ್?" ಎಂದ ಸಭಾಪತಿ.

"ಇಲ್ಲ ಅಂದೆ. ಅವರು ಬರ್ಕೊಂಡಾಯ್ತು, ನೀವು ಮುಂದಕ್ಕೆ ಹೋಗಿ!"

ವಿಚಾರಣೆ ಎಂಟು ದಿನ ನಡೆಯಿತು. ತಪ್ಪಿತಸ್ಥ ಎನ್ನಲು ಇಪ್ಪತ್ತೆರಡು ಮತ ಬೇಕಿತ್ತು, ಬಿದ್ದದ್ದು ಇಪ್ಪತ್ತು. ಉಳಿದ ಹದಿಮೂರು ಜನ ಕಿಂಡಿಯಲ್ಲಿ ನುಸುಳಿ ಪಾರಾದರು. ವೆಸ್ಟರ್‌ಗಾರ್ಡ್ ತನ್ನ ಜಲ್ಲಿಯ ದಾರಿಯಲ್ಲಿ ಮನೆಗೆ ಹೋದ. ಮತ್ತೆ ಚುನಾವಣೆಗೆ ಮಾತ್ರ ನಿಲ್ಲಲಿಲ್ಲ. ಬೋಳು ಹೆಸರು ಕೂಗಿದ್ದೇ ಅವನಿಗೆ ಸಾಕಾಗಿತ್ತು ಎಂದು ನಾನು ಹೇಳುತ್ತೇನೆ, ಜನ ಬೇರೆ ಬೇರೆ ಕಾರಣ ಹೇಳುತ್ತಾರೆ.

ಕೊನೆಯ ದಿನ ಮಧ್ಯಾಹ್ನ ವೊಂದ್ರಾಚೆಕ್ ತಟ್ಟೆ ಹಿಡಿದು ಲವಾನಳ ಪಕ್ಕದ ಸ್ಟೂಲಿಗೆ ಬಂದ. ನಾನು ಬಿಡಲಿಲ್ಲ. "ನೀವೇ ತಂದ ನಿರ್ಣಯಕ್ಕೆ ನೀವೇ ಇಲ್ಲ ಅಂದ್ರಲ್ಲ ಸೆನೆಟರ್, ಹೊಟ್ಟೆ ಸರಿ ಇರ್ಲಿಲ್ವಾ?"

"ನಮ್ಮಜ್ಜಿ ಕೂಗಿದ ಹಾಗಾಯ್ತು ಮರ್ನಾ" ಎಂದ. "ಅಜ್ಜಿ ಮುಂದೆ ಸುಳ್ಳು ಹೇಳೋಕೆ ನಂಗೆ ಯಾವತ್ತೂ ಬಂದಿಲ್ಲ." ಆಮೇಲೆ ಅವಳ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ, ಕುಖೆರಾ ಅವರೇ" ಎಂದು ತನ್ನ ರೋಲ್ ಅನ್ನು ಅವಳ ತಟ್ಟೆಗೆ ಇಟ್ಟ.

ನನ್ನ ಕೈಯ ಸೌಟು ಅಲ್ಲೇ ನಿಂತಿತು. "ಕುಖೆರಾನಾ? ಕುಚೆರಾ ಅಲ್ವಾ?"

"ನಮ್ಮ ಯಜಮಾನರ ಅಜ್ಜಿ ಕುಖೆರಾ ಅಂತಿದ್ರು" ಎಂದಳು ಲವಾನ್, ತಿನ್ನುತ್ತ.

"ಅಯ್ಯೋ ಪಾಪಿ! ಊರವರ ಹೆಸರೆಲ್ಲ ತಿದ್ದಿದವಳು ನೀನು, ಹತ್ತೊಂಬತ್ತು ವರ್ಷ ನಾನು ತಪ್ಪಾಗಿ ಕೂಗ್ತಿದ್ರೆ ಒಂದು ಸಲ ಹೇಳಬಾರದಿತ್ತೇನೇ?"

ಅವಳು ನಕ್ಕು ರೋಲ್ ಅನ್ನು ಚಿಲಿಗೆ ಅದ್ದಿದಳು. ಮಾರನೆಯ ದಿನ ನಾನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ಬಟ್ಟಲು ತುಂಬಿ, ಗಂಟಲು ಸರಿಮಾಡಿಕೊಂಡು ಕೂಗಿದೆ. "ಕುಖೆರಾ, ನಿನ್ನ ಚಿಲಿ ಆರ್ತಿದೆ!" ಅವಳು ಪೇಪರಿನಿಂದ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೂಗಿದೆ. ಮೂರನೆಯ ಸಲವೂ ಕೂಗಿದೆ. ಆ ಕಡೆ ಕೂತವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳು ಹಾಳೆ ಮಗುಚಿದಳು.

"ಕುಚೆರಾ!" ಎಂದೆ.

ಪೇಪರ್ ಮಡಚಿ ಎದ್ದು ಬಂದಳು.