ತೆಲಸಂಗದ ಬಾವಿಗೆ ಮೂರು ಗಂಟೆಯ ಅಂದಾಜು

ಕಳೆದ ಮಾರ್ಚ್‌ನ ಮೊದಲ ಸೋಮವಾರ ಮಧ್ಯಾಹ್ನ, ತೆಲಸಂಗದ ತೋಟವೊಂದರ ಬಾವಿಯಲ್ಲಿ ಶಿವಪ್ಪ ಎಂಬ ರೈತನಿಗೆ ಕರೆಂಟು ಹೊಡೆಯಿತು. ಆ ಹೊತ್ತಿಗೆ ನಾನು ಅರ್ಥಶಾಸ್ತ್ರದ ಪ್ರೊಫೆಸರರೊಬ್ಬರ ಜೊತೆ ಅಲ್ಲಿಗೇ ಹೋಗುವ ದಾರಿಯಲ್ಲಿದ್ದೆ.

ಬೆಳಿಗ್ಗೆ ನಿಪ್ಪಾಣಿಯಿಂದ ಬಾಡಿಗೆ ಕಾರಿನಲ್ಲಿ ರೈತರನ್ನು ಕಾಣಲು ಹೊರಟಿದ್ದೆವು. ಅಲ್ಲಿನ ಕಾಲೇಜಿನಲ್ಲಿ ಕಲಿಸುತ್ತ ಪ್ರೊಫೆಸರರು ಮೊದಲು ತಂಬಾಕಿನ ಧಾರಣೆ ಅಂದಾಜು ಮಾಡುತ್ತಿದ್ದರು. ಆಮೇಲೆ ವಿದ್ಯುತ್ ಬೇಡಿಕೆಯ ಮುನ್ಸೂಚನೆಯೇ ಅವರ ವಿಷಯವಾಯಿತು. ನಿವೃತ್ತರಾದ ಮೇಲೆ, ಪಂಪ್‌ಸೆಟ್ಟುಗಳಿಗೆ ಎಷ್ಟು ಗಂಟೆಗೆ ಕರೆಂಟು ಬರಬಹುದೆಂದು ದಿನವೂ ರೈತರ ಮೊಬೈಲ್ ಗುಂಪಿಗೆ ಬರೆಯುತ್ತಿದ್ದರು. ಅವರ ಕೆಲಸದ ಬಗ್ಗೆ ಬರೆಯಲು ನಾನು ಜೊತೆಗಿದ್ದೆ. ಅಂದು ಅವರು ಬರೆದದ್ದು: ಮೂರರ ನಂತರ.

ಚಿಕ್ಕೋಡಿಯಲ್ಲಿ ಚಹಾ ಕುಡಿಯುವಾಗ ಶಿವಪ್ಪನ ಅಣ್ಣ ಮಲ್ಲಪ್ಪನ ಫೋನು ಬಂತು.

"ಸರ, ಮಧ್ಯಾಹ್ನ ತಮ್ಮ ಬಾವ್ಯಾಗ ಇಳೀತಾನ್ರಿ. ಮೋಟರ್‌ಗೆ ಕಸ ಸಿಕ್ಕೈತಿ."

"ಫ್ಯೂಜ್ ತಗದೀರೇನು?"

"ಯಾಕ್ರಿ, ನೀವ ಅದೀರಲ್ಲ! ನಿಮ್ಮ ಮೂರ ಅಂದ್ರ ಮೂರೇರಿ." ನಗುತ್ತಲೇ ಫೋನಿಟ್ಟ.

ಇಲ್ಲಿ ಸ್ಟಾರ್ಟರು ಸದಾ ಆಟೋದಲ್ಲಿರುತ್ತದೆ. ಕರೆಂಟು ಬಂದೊಡನೆ ಮೋಟಾರು ತಾನೇ ತಿರುಗುತ್ತದೆ. ಸಿಗುವ ನೀರು ತಪ್ಪೀತೆಂದು ಯಾರೂ ಅದನ್ನು ಮುಟ್ಟುವುದಿಲ್ಲ. ಪ್ರೊಫೆಸರರು ಮರಳಿ ಫೋನು ಹಚ್ಚಿದರು. ಎತ್ತಲಿಲ್ಲ. ಫ್ಯೂಜ್ ತೆಗೆಯದೆ ಇಳಿಯಬೇಡಿ ಎಂದು ಗುಂಪಿಗೂ ಬರೆದರು. ಮಲ್ಲಪ್ಪ ನೋಡಲಿಲ್ಲ. "ನಡೀರಿ, ಸೀದಾ ತೆಲಸಂಗಕ್ಕ" ಎಂದರು.

ರಾಯಬಾಗದ ಹೊಲಗಳಲ್ಲಿ ಪೈಪುಗಳು ಒಣಗಿದ್ದವು. ಕುಡಚಿ ಸೇತುವೆಯಲ್ಲಿ ಕೃಷ್ಣೆ ದಾಟಿ ಕಾಗವಾಡ ತಾಲ್ಲೂಕಿಗೆ ಬಂದಾಗ, ಕಬ್ಬಿನಲ್ಲೊಂದು ಪೈಪು ನೀರು ಸುರಿಯುತ್ತಿತ್ತು. ಮುಂದೆ ಇನ್ನೊಂದು. ಗಂಟೆ ಇನ್ನೂ ಎರಡೂ ಆಗಿರಲಿಲ್ಲ.

"ಬ್ಯಾರೆ ಲೈನ್ ಇರಬೇಕು" ಎಂದರು ಪ್ರೊಫೆಸರರು. ಅಥಣಿ ದಾಟುವವರೆಗೆ ಮಲ್ಲಪ್ಪನಿಗೆ ಫೋನು ಹಚ್ಚುತ್ತಲೇ ಇದ್ದರು.

ತೆಲಸಂಗದಲ್ಲಿ ಬಾವಿಯ ಸುತ್ತ ಜನ ಸೇರಿದ್ದರು. ಮೂರಾಗುವ ಮೊದಲೇ, ಕಸ ತೆಗೆಯುವಾಗಲೇ ಕರೆಂಟು ಬಂದು, ಸುಲಿದ ವೈರು ಶಿವಪ್ಪನ ಬಲಗೈಗೆ ತಗುಲಿತ್ತು. ಸೊಂಟಕ್ಕೆ ಕಟ್ಟಿದ್ದ ಹಗ್ಗದಿಂದ ಆಗಷ್ಟೇ ಮೇಲೆಳೆದಿದ್ದರು. ಉಸಿರಿತ್ತು. ಮಲ್ಲಪ್ಪ ಅವನ ಅಂಗಾಲು ತಿಕ್ಕುತ್ತ, "ಕಣ್ಣ ತಗೀಲೇ, ಮಗನ! ಅವ್ವಗ ಏನ್ ಹೇಳ್ಲಿ ನಾ?" ಎಂದು ಬೈಯುತ್ತಿದ್ದ, ಅಳುತ್ತಿದ್ದ.

ಶಿವಪ್ಪನ ಹೆಂಡತಿ ಪ್ರೊಫೆಸರರನ್ನು ನೋಡಿ, "ನೀವು ಮೂರು ಅಂದಿದ್ರಿ" ಎಂದಳು.

"ಅದು ಅಂದಾಜು, ತಂಗಿ. ಬರೇ ಅಂದಾಜು."

ನಮ್ಮ ಕಾರಿನಲ್ಲೇ ಅವನನ್ನು ಅಥಣಿಯ ಆಸ್ಪತ್ರೆಗೆ ತಂದೆವು. ಸಂಜೆಗೆ ಕಣ್ಣು ಬಿಟ್ಟ. ನಾವು ನಿಪ್ಪಾಣಿಗೆ ಮರಳಿದೆವು.

ಮರುದಿನ ಗುಂಪಿಗೆ ಪ್ರೊಫೆಸರರ ಮುನ್ಸೂಚನೆ ಬರಲಿಲ್ಲ. ಮಲ್ಲಪ್ಪನ ಸಂದೇಶ ಬಂತು: "ತಮ್ಮ ಆರಾಮ ಅದಾನ್ರಿ ಸರ. ಮೋಟರ್ ಇನ್ನೂ ಬಾವ್ಯಾಗ ಐತಿ. ಇವತ್ತ ಎಷ್ಟಕ್ಕ ಬರ್ತೈತಿ?"