ಜುಮ್ರಾ ಸಿಸ್ಟರ್ ಕಳಚಿಸಿದ ಬಾಗಿಲು

ಜುಮ್ರಾ ಸಿಸ್ಟರ್ ಯಾರ ಮನೆಗೆ ಹೋದರೂ ಎದುರಿಗೆ ಕೂರುತ್ತಿರಲಿಲ್ಲ. ಪಕ್ಕಕ್ಕೆ, ಸ್ವಲ್ಪ ಓರೆಯಾಗಿ ಕೂರುವರು. ಮನೆಯವರು ಎದ್ದು ಹೊರಗೆ ಹೋಗಬೇಕೆಂದರೆ ದಾರಿಗೆ ಅಡ್ಡವಾಗದ ಹಾಗೆ. ನಾನು ಆರೋಗ್ಯ ಕೇಂದ್ರದ ಗಾಡಿ ಓಡಿಸುವವನು. ಬೋಸ್ನಿಯಾದ ಈ ಕಲ್ಲಿದ್ದಲ ಊರಿನಲ್ಲಿ ಅವರನ್ನು ಕೂರಿಸಿಕೊಂಡು ಹೋಗದ ಮನೆಯಿಲ್ಲ. ಮೊದಮೊದಲು ಅವರ ಕೆಲಸ ಕಂಡರೆ ನನಗೆ ನಗು ಬರುತ್ತಿತ್ತು. ಇಂಜೆಕ್ಷನ್ ಇಲ್ಲ, ಬ್ಯಾಂಡೇಜ್ ಇಲ್ಲ. ಹೆದರಿ ಕಂಗಾಲಾದವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಸುಮ್ಮನೆ ಕೂರುವುದು.

"ಇದಕ್ಕೆ ಸಂಬಳ ಬೇರೆ ಕೊಡ್ತಾರಲ್ಲ ನಿಮಗೆ!" ಅಂತ ಒಮ್ಮೆ ಛೇಡಿಸಿದೆ.

"ನೀನು ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೂತು ತೋರ್ಸು ಫಿಕ್ರೆತ್. ಆ ಸಂಬಳ ನಿಂಗೇ ಕೊಟ್ಬಿಡ್ತೀನಿ," ಅಂದರು.

ಅವರ ಅಪ್ಪನೂ ಗಣಿಯವನೇ. ಗಣಿಯ ಸೈರನ್ ಕೂಗಿದರೆ ಅವರ ತಾಯಿ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ನಿಂತುಬಿಡುತ್ತಿದ್ದಳಂತೆ. ಗಂಡ ಮನೆಗೆ ಬರುವ ತನಕ ಒದ್ದೆ ಕೈ ಒರೆಸಿಕೊಳ್ಳುತ್ತಿರಲಿಲ್ಲವಂತೆ. ಆ ಕೈಗಳನ್ನು ನೋಡಿಯೇ ನರ್ಸ್ ಆದೆ ಅನ್ನುತ್ತಿದ್ದರು. ಮದುವೆಯಾಗಲಿಲ್ಲ, ಸಿಗರೇಟು ಬಿಡಲಿಲ್ಲ. ಯಾರಿಗೂ ಅವರು "ಧೈರ್ಯ ತಗೊಳ್ಳಿ" ಅಂದದ್ದನ್ನು ನಾನು ಕೇಳಿಲ್ಲ.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ಗಣಿಯೊಳಗೆ ಚಾವಣಿ ಕುಸಿಯಿತು. ಜೀವಸಹಿತ ಸಿಕ್ಕವನು ರಾಮಿಜ್ ಒಬ್ಬನೇ, ಅದೂ ಮರುದಿನ. ಕತ್ತಲೆಯಲ್ಲಿ ಅವನ ಪಕ್ಕ ಬಿದ್ದಿದ್ದ ಜೊತೆಗಾರ ಮಾತಾಡುತ್ತಾ ಮಾತಾಡುತ್ತಾ ಸುಮ್ಮನಾಗಿದ್ದ. ರಾಮಿಜ್ ನಲವತ್ತು ದಾಟಿದ ಆಳು, ಹನೀಫಾಳಿಗೆ ಒಬ್ಬನೇ ಮಗ. ಆಸ್ಪತ್ರೆಯಿಂದ ಬಂದವನು ಮನೆಯೊಳಗೆ ಕಾಲಿಡಲಿಲ್ಲ. ಅಂಗಳದ ಪ್ಲಮ್ ಮರದ ಕೆಳಗಿನ ಬೆಂಚೇ ಅವನ ಹಾಸಿಗೆಯಾಯಿತು. ಎಲ್ಲೋ ಒಂದು ಕದ ಬಡಿದರೆ ಸಾಕು, ಮೈಯೆಲ್ಲ ಮರಗಟ್ಟಿ, ಕಣ್ಣು ತೆರೆದೇ ಇದ್ದರೂ ಕರೆದದ್ದು ಕೇಳಿಸುತ್ತಿರಲಿಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟು ಅವನನ್ನು ಜುಮ್ರಾ ಸಿಸ್ಟರ್‌ಗೆ ಒಪ್ಪಿಸಿದರು. ಕಲ್ಲಿದ್ದಲ ದೂಳು ಕುಡಿದ ಶ್ವಾಸಕೋಶ ಅವನದು. ಹಿಮ ಬೀಳುವುದರೊಳಗೆ ಒಳಗೆ ಬಂದು ಮಲಗಬೇಕು, ಇಲ್ಲದಿದ್ದರೆ ಈ ಚಳಿಗಾಲ ದಾಟುವುದಿಲ್ಲ ಅಂತ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು.

ಸಿಸ್ಟರ್ ಮೊದಲು ಕೂತದ್ದು ಆ ಬೆಂಚಿನ ತುದಿಯಲ್ಲೇ. ಹಲವು ಸಲ ಬರೀ ಕೂತು ಎದ್ದು ಬಂದರು. ಕೊನೆಗೊಂದು ದಿನ ಅವನೇ ಕೇಳಿದ. "ನಂಗೆ ಹುಚ್ಚು ಹಿಡಿದಿದ್ಯಾ ಸಿಸ್ಟರ್?"

"ಇಲ್ಲ. ಹೆದರಿಕೆ ಆದ್ರೆ ಮೈ ಹೊಡೆದಾಡತ್ತೆ, ಇಲ್ಲಾ ಓಡತ್ತೆ. ಅಲ್ಲಿ ನಿಂಗೆ ಹೊಡೆಯೋಕೆ ಯಾರೂ ಇರ್ಲಿಲ್ಲ, ಓಡೋಕೆ ಜಾಗ ಇರ್ಲಿಲ್ಲ. ಅದಕ್ಕೆ ಮರಗಟ್ಟಿತು. ಹಾಗೆ ಮಾಡೇ ನಿನ್ನ ಉಳಿಸ್ತು. ಈಗ ಮುಗೀತು ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ, ಅಷ್ಟೇ."

"ಹುಚ್ಚಲ್ಲ ಅಂದ್ರೆ ಪೆನ್ಶನ್ ಸಿಗಲ್ಲ ಬಿಡಿ," ಅಂದ. ಗಣಿಯಿಂದ ಬಂದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು. ಹನೀಫಾ ಕಿಟಕಿಯ ಹಿಂದೆ ನಿಂತು ಬರಿಗೈಯಲ್ಲೇ ಕಣ್ಣು ಒರೆಸಿಕೊಂಡಳು.

ಮೈ ಬಿಗಿಯತೊಡಗಿದರೆ ಅಂಗಾಲನ್ನು ನೆಲಕ್ಕೆ ಒತ್ತು, ಕಣ್ಣಿಗೆ ಕಂಡದ್ದರ ಹೆಸರು ಹೇಳು, ಉಸಿರನ್ನು ನಿಧಾನವಾಗಿ ಹೊರಗೆ ಬಿಡು ಅಂತ ಕಲಿಸಿದರು. ಅವನು "ಮರ, ಬೇಲಿ, ಕೋಳಿ, ಫಿಕ್ರೆತನ ಬೊಕ್ಕತಲೆ" ಅನ್ನುತ್ತಿದ್ದ. ಹೀಗೆ ಬೆಂಚಿನಿಂದ ಮೆಟ್ಟಿಲಿಗೆ ಬಂದ, ಮೆಟ್ಟಿಲಿನಿಂದ ಹೊಸ್ತಿಲಿಗೆ. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಆಗಲಿಲ್ಲ.

"ಫಿಕ್ರೆತ್, ಆ ಕದ ಕಳಚು," ಅಂದರು ಸಿಸ್ಟರ್.

"ನಾಳೆ ಗೋಡೆನೂ ಕೆಡವಿಬಿಡಿ!" ಅಂತ ಹನೀಫಾ ಗೊಣಗಿದಳು. ಆದರೂ ಕದದ ಇನ್ನೊಂದು ತುದಿಯನ್ನು ಹಿಡಿದವಳು ಅವಳೇ. ಕೀಲಿನಿಂದ ಎತ್ತಿ ಗೋಡೆಗೆ ಒರಗಿಸಿಟ್ಟೆವು. ಆ ವಾರವೇ ರಾಮಿಜ್ ಅಡುಗೆಮನೆಗೆ ಬಂದು, ತಾಯಿ ತೆಳು ಹಿಟ್ಟಿನ ಹಾಳೆಯಲ್ಲಿ ಆಲೂಗಡ್ಡೆ ಸುತ್ತಿ ಬೇಯಿಸಿದ ಪಿತಾ ತಿಂದು, ಒಲೆಯ ಪಕ್ಕದ ದಿವಾನದ ಮೇಲೆ ಒಂದು ಮಧ್ಯಾಹ್ನ ನಿದ್ದೆ ಹೋದ.

"ಗೊರಕೆ ಹೊಡೆದ, ಕೇಳಿಸ್ತಾ?" ಅಂತ ಸಿಸ್ಟರ್ ಗಾಡಿಯಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಇನ್ಯಾವತ್ತೂ ಕಂಡಿಲ್ಲ.

ಮಗ ಒಳಗೆ ಬಂದ, ಇನ್ನು ಉಳಿದ ಹೆದರಿಕೆಯನ್ನೂ ತೆಗೆದುಬಿಡೋಣ ಅಂತ ತಾಯಿಗೆ ಅನ್ನಿಸಿತು. ನಮ್ಮಲ್ಲಿ ಹೆದರಿದವರಿಗೆ ಸೀಸ ಕರಗಿಸುತ್ತಾರೆ. ನಾಯಿ ಬೊಗಳಿ ಮಗು ಬೆಚ್ಚಿದರೂ ಅದೇ ಮದ್ದು; ನನಗೂ ಮಾಡಿದ್ದಾರೆ, ಜುಮ್ರಾ ಸಿಸ್ಟರ್‌ಗೂ ಮಾಡಿದ್ದಾರೆ. ತಲೆಯ ಮೇಲೆ ದಪ್ಪ ಬಟ್ಟೆ ಹೊದಿಸಿ, ಅದರ ಮೇಲೆ ನೀರಿನ ಬೋಗುಣಿ ಹಿಡಿದು, ಕಾದ ಸೀಸವನ್ನು ನೀರಿಗೆ ಸುರಿಯುತ್ತಾರೆ. ಭಯ ಸೀಸಕ್ಕೆ ಇಳಿಯುತ್ತದೆ ಅನ್ನುವ ನಂಬಿಕೆ. ಹನೀಫಾ ಇದನ್ನು ತನ್ನ ತಾಯಿಯಿಂದ ಕಲಿತವಳು. ಬೋಗುಣಿ ಹಿಡಿಯಲು ಪಕ್ಕದ ಮನೆಯವಳನ್ನು ಕರೆದಳು. ಅಮ್ಮನ ಸಮಾಧಾನಕ್ಕೆ ಆಗಲಿ ಅಂತ ರಾಮಿಜ್ ಸ್ಟೂಲಿನ ಮೇಲೆ ಕೂತ.

ಮೂವರಲ್ಲಿ ಒಬ್ಬರಿಗೂ ಆ ಬಟ್ಟೆಯ ಯೋಚನೆ ಬರಲಿಲ್ಲ.

ಮುಖದ ಮೇಲೆ ಕತ್ತಲೆ ಬಿತ್ತು. ತಲೆಯ ಮೇಲೆ ಸೀಸ ಚಟಚಟನೆ ಸಿಡಿಯಿತು. ಅವನು ಕೂಗಿದ್ದು ಬೀದಿಯ ಕೊನೆಯ ತನಕ ಕೇಳಿಸಿತಂತೆ, ಸತ್ತ ಜೊತೆಗಾರನ ಹೆಸರಂತೆ. ಬೋಗುಣಿ ಉರುಳಿತು, ಸೀಸ ತಾಯಿಯ ಮುಂಗೈಗೆ ಬಿತ್ತು. ಅವನು ಹೊಸ್ತಿಲು, ಮೆಟ್ಟಿಲು, ಬೆಂಚು ಎಲ್ಲವನ್ನೂ ದಾಟಿ ಗುಡ್ಡದ ಬಯಲಿಗೆ ಓಡಿಹೋದ.

ಆಮೇಲೆ ಬೆಂಚಿನ ಹತ್ತಿರಕ್ಕೂ ಬರಲಿಲ್ಲ. ಸಿಸ್ಟರ್ ಮತ್ತೆ ಬೇಲಿಯಾಚೆಯಿಂದ ಶುರು ಮಾಡಿದರು. ಹನೀಫಾಳಿಗೆ ಒಂದು ಮಾತೂ ಅನ್ನಲಿಲ್ಲ. ಸುಟ್ಟ ಕೈಗೆ ತಾವೇ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ನಾನಾಗಿದ್ದರೆ ಚೆನ್ನಾಗಿ ಉಗಿಯುತ್ತಿದ್ದೆ. ಕಂಬಳಿ, ಬಿಸಿ ಸೂಪು ಎಲ್ಲ ಗುಡ್ಡ ಹತ್ತಿದವು. ಆದರೆ ಆ ವರ್ಷ ಹಿಮ ಬೇಗನೆ ಬಿತ್ತು.

ಅವನು ಜ್ವರದಲ್ಲಿ ಎಚ್ಚರ ತಪ್ಪಿದ ಮೇಲೆಯೇ ಗಾಡಿಗೆ ಹಾಕಲು ಸಾಧ್ಯವಾದದ್ದು. ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಓಡಿಸಿದೆ. ಜುಮ್ರಾ ಸಿಸ್ಟರ್ ದಾರಿಯುದ್ದಕ್ಕೂ ಅವನ ಕಿವಿಯ ಹತ್ತಿರ "ಮರ, ಸೇತುವೆ, ಆಕಾಶ" ಅನ್ನುತ್ತಲೇ ಇದ್ದರು. ವಾರ ತುಂಬುವ ಮೊದಲೇ ರಾಮಿಜ್ ತೀರಿಕೊಂಡ.

ಮಣ್ಣಿಗೆ ಗಂಡಸರಷ್ಟೇ ಹೋಗಿದ್ದೆವು. ಹಿಂದಿರುಗಿದಾಗ ಹನೀಫಾ ಅಡುಗೆಮನೆಯ ದಿವಾನದ ಮೇಲೆ ಕೋಟು ಹಾಕಿಕೊಂಡೇ ಕೂತಿದ್ದಳು. ಸುತ್ತ ನೆರೆಯ ಹೆಂಗಸರು, ಪಕ್ಕದಲ್ಲಿ ಸಿಸ್ಟರ್ ನಿಂತಿದ್ದರು.

"ಗೋರಿಯೊಳಗೆ ಅವನ ಮೇಲೆ ಹಲಗೆ ಮುಚ್ಚಿದ್ರಾ?" ಅಂತ ನನ್ನನ್ನೇ ಕೇಳಿದಳು.

"ಮುಚ್ಚಿದ್ವಿ ಅಮ್ಮ."

"ಒಳಗೆ ಕತ್ತಲಾಗ್ತಿತ್ತಾ?"

ಹೆಂಗಸರು "ದೇವರಿಚ್ಛೆ, ಹಾಗೆಲ್ಲ ಕೇಳ್ಬಾರ್ದು, ಸುಮ್ನಿರು" ಅಂತ ಒಟ್ಟಿಗೇ ಶುರು ಮಾಡಿದರು.

"ಕೇಳ್ಲಿ ಬಿಡ್ರಮ್ಮ," ಅಂದರು ಸಿಸ್ಟರ್. "ಹೌದು ಹನೀಫಾ, ಕತ್ತಲಾಗತ್ತೆ."

"ನಾನೇ ಕೊಂದೆನಾ ಜುಮ್ರಾ?"

ಸಿಸ್ಟರ್ ಬಟ್ಟೆ ಕಟ್ಟಿದ ಆ ಕೈಯನ್ನು ಬಗ್ಗಿ ತಮ್ಮ ಕೈಯೊಳಗೆ ತೆಗೆದುಕೊಂಡರು. "ಅವನ ಭಯ ತೆಗೀಬೇಕು ಅಂತ ಹೋದ್ರಿ. ನಾನೂ ಅದಕ್ಕೇ ಬರ್ತಿದ್ದೆ. ಇಬ್ಬರ ಕೈಲೂ ಆಗ್ಲಿಲ್ಲ."

ಹನೀಫಾ ಆಗ ಅತ್ತಳು. ಮಗ ತೀರಿಕೊಂಡಾಗಿನಿಂದ ಅಳದಿದ್ದವಳು.

ತೆರೆದ ಬಾಗಿಲಿನಿಂದ ಹಿಮದ ಪುಡಿ ಒಲೆಯ ತನಕ ಹಾರಿ ಬರುತ್ತಿತ್ತು. ನಾನು ಗೋಡೆಗೆ ಒರಗಿಸಿದ್ದ ಕದದ ಮೇಲೆ ಕೈಯಿಟ್ಟು, "ಹಾಕಿಬಿಡ್ಲಾ ಅಮ್ಮ?" ಅಂದೆ.

"ಬೇಡಪ್ಪ. ಅವನ ಮೇಲೆ ಮುಚ್ಚಿ ಬಂದ್ರಲ್ಲ, ಅಷ್ಟು ಸಾಕು."

ಸಿಸ್ಟರ್ ಏನಾದರೂ ಬುದ್ಧಿ ಹೇಳುತ್ತಾರೆ ಅಂತ ಅವರ ಮುಖ ನೋಡಿದೆ. ಅವರು ಕೋಟಿನ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡು, ಹನೀಫಾಳ ಪಕ್ಕಕ್ಕೆ, ಸ್ವಲ್ಪ ಓರೆಯಾಗಿ ಕೂತರು.