ಕಾರ್ಡ್ ಇಲ್ಲದ ದಿನದ ಫೋಟೋ

ಗೌರಿ ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ನನ್ನ ಹೆಂಡತಿ ಸರೋಜ ಬಾಗಿನದ ಹೊಸ ಮೊರಗಳಿಗೆ ಅರಿಶಿನ ಬಳಿದು ಒಣಗಲು ಇಟ್ಟು, "ರೀ, ಬೀರು ಕೆಳಗಿನ ಖಾನೇಲಿ ರವಿಕೆ ಕಣ ಇದೆ, ತಗೊಂಡ್ಬನ್ನಿ" ಅಂದಳು. ಬೀರುವಿನಲ್ಲಿ ಹೆಂಡತಿ ಹೇಳಿದ ವಸ್ತು ಯಾವ ಗಂಡನಿಗಾದರೂ ಸಿಕ್ಕಿದ್ದುಂಟೇ? ನನಗೂ ಸಿಗಲಿಲ್ಲ. ಡಾಂಬರು ಗುಳಿಗೆಯ ಘಾಟಿನ ನಡುವೆ ಸಿಕ್ಕಿದ್ದು ಅಂಗೈಯಷ್ಟು ಅಗಲದ ಒಂದು ಕರಿ ಚೀಲ. ಒಳಗೆ ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ, ಅದರ ಚಾರ್ಜರು. ಕಂಡ ಕೂಡಲೇ ಬೀರುವಿನ ಬಾಗಿಲು ಮುಚ್ಚಿಬಿಡೋಣ ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ. ಕೊಂಚ ಸುತ್ತಿ ಬಳಸಿ ಹೇಳಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎರಡು ಸಾವಿರದ ಐದೋ ಆರೋ ಇರಬೇಕು. ಚಿಕ್ಕಬಳ್ಳಾಪುರದ ನಮ್ಮ ಆಫೀಸಿನಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡ ಮೊದಲ ಗುಮಾಸ್ತ ನಾನು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಕೂರುವಷ್ಟು ತೆಳ್ಳಗಿನದು. ಜೇಬಿನಿಂದ ತೆಗೆದು ಗುಂಡಿ ಒತ್ತಿದರೆ ಸಂಗೀತದೊಂದಿಗೆ ಅದರ ಮೂತಿ ಹೊರಗೆ ಬರುತ್ತಿತ್ತು. ಆ ಮೂತಿ ನೋಡಲೆಂದೇ ಜನ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. "ಎಷ್ಟು ಮೆಗಾಪಿಕ್ಸೆಲ್ಲು ಸಾರ್?" ಎಂದು ಕೇಳುತ್ತಿದ್ದರು. ಕೇಳಿದವರಿಗೆ ಅದೇನೆಂದು ಗೊತ್ತಿರಲಿಲ್ಲ, ಹೇಳಿದ ನನಗೂ ಗೊತ್ತಿರಲಿಲ್ಲ. "ಆರು" ಎಂದು ಗಂಭೀರವಾಗಿ ಹೇಳಿ ಅದನ್ನು ಜೇಬಿಗೆ ಇಳಿಸುತ್ತಿದ್ದೆ.

ಜೊತೆಗೆ ಬಂದ ಪುಸ್ತಕ ಹತ್ತು ಹನ್ನೊಂದು ಭಾಷೆಗಳಲ್ಲಿತ್ತು, ನಮ್ಮದೊಂದು ಬಿಟ್ಟು. ಹೀಗಾಗಿ ಚಿತ್ರಗಳನ್ನು ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು. ಬೆಟ್ಟದ ಚಿತ್ರ, ಹೂವಿನ ಚಿತ್ರ, ಓಡುವ ಮನುಷ್ಯ, ತಟ್ಟೆ ಚಮಚ. ನಮ್ಮ ಮ್ಯಾನೇಜರರ ಬೀಳ್ಕೊಡುಗೆಯನ್ನು ಪೂರ್ತಿ ತಟ್ಟೆ ಚಮಚದ ಮೇಲಿಟ್ಟು ತೆಗೆದೆ, ಊಟ ಇತ್ತಲ್ಲ ಎಂದು. ಪ್ರಿಂಟು ಹಾಕಿಸಿದಾಗ ಪಾಪ, ಮನುಷ್ಯ ಬಿಸಿ ಜಿಲೇಬಿಯ ಹಾಗೆ ಹೊಳೆಯುತ್ತಿದ್ದರು. ಬಿಸಿಲಲ್ಲಿ ನಿಂತರೆ ಹಿಂದಿನ ಪರದೆ ಕಾಣುತ್ತಿರಲಿಲ್ಲ, ಕಣ್ಣಿಟ್ಟು ನೋಡಲು ಕಿಂಡಿಯೂ ಇರಲಿಲ್ಲ. ಕ್ಯಾಮೆರಾ ಎಷ್ಟು ಚಿಕ್ಕದೆಂದರೆ ನನ್ನ ಬೆರಳಿಗೇ ಅದರಲ್ಲಿ ಜಾಗವಿರಲಿಲ್ಲ, ಪ್ರತಿ ಫೋಟೋದ ಮೂಲೆಯಲ್ಲೂ ನನ್ನ ಬೆರಳು ಹಾಜರಿ ಹಾಕುತ್ತಿತ್ತು. ಇನ್ನೂ ಒಂದು ಚಾಳಿ ಇತ್ತು. ಗುಂಡಿ ಒತ್ತಿದ ಮೇಲೆ ಅದು ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಫೋಟೋ ತೆಗೆಯುತ್ತಿತ್ತು. ಕೇಕು ಕತ್ತರಿಸುವುದನ್ನು ತೆಗೆದರೆ ಕೇಕು ತಿನ್ನುವುದು ಬರುತ್ತಿತ್ತು.

ಅಂಗಡಿಯವನು ಒಂದೇ ಒಂದು ಮಾತು ಕನ್ನಡದಲ್ಲಿ ಹೇಳಿಕೊಟ್ಟಿದ್ದ. "ಇದ್ರಲ್ಲಿ ರೀಲಿಲ್ಲ ಸಾರ್, ಈ ಕಾರ್ಡೇ ರೀಲು ಅನ್ಕೊಳಿ." ಉಗುರಿಗಿಂತ ಸ್ವಲ್ಪ ದೊಡ್ಡ ಕಾರ್ಡು. ಆ ಮಾತನ್ನು ನಾನು ಭದ್ರವಾಗಿ ಹಿಡಿದುಕೊಂಡೆ. ಎಡವಿದ್ದೂ ಅಲ್ಲೇ.

ನಮ್ಮಪ್ಪನ ತಂಗಿ ನಾರಾಯಣಮ್ಮ, ನನಗೆ ಸೋದರತ್ತೆ. ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯಲ್ಲಿ ಮನೆ. ಪ್ರತಿ ಗೌರಿ ಹಬ್ಬಕ್ಕೆ ಅಪ್ಪ ಮೊರದ ಬಾಗಿನ ಹೊತ್ತು, ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ, ತಂಗಿಗೆ ಕೊಟ್ಟು ಬರುತ್ತಿದ್ದ. ಆ ವರ್ಷ ಕ್ಯಾಮೆರಾ ತೋರಿಸುವ ಹಂಬಲಕ್ಕೆ ನಾನೂ ಹೊರಟೆ.

ಅತ್ತೆಗೆ ಫೋಟೋ ಎಂದರೆ ಆಗದು. ಓಟಿನ ಕಾರ್ಡಿಗೆ ಫೋಟೋ ತೆಗೆದವನು ಗದರಿಸಿ ಕೂರಿಸಿದ್ದನಂತೆ. "ಆ ಕಾರ್ಡಲ್ಲಿರೋಳು ನಾನಲ್ಲಪ್ಪ, ಯಾರೋ ಕಳ್ಳಿ" ಎನ್ನುತ್ತಿದ್ದಳು. ಓಟು ಹಾಕುವಾಗಲೂ ಬೆರಳಿನಿಂದ ಆ ಮುಖವನ್ನು ಮುಚ್ಚಿಕೊಂಡೇ ತೋರಿಸುತ್ತಿದ್ದಳಂತೆ. ನಾನು ಜೇಬಿನಿಂದ ಕ್ಯಾಮೆರಾ ತೆಗೆದಾಗ, "ಏಮ್ರಾ ಅದಿ, ನಶ್ಯದ ಡಬ್ಬೀನಾ?" ಎಂದು ತೆಲುಗು ಬೆರೆಸಿ ಕೇಳಿ ನಕ್ಕಳು. ಮೂತಿ ಹೊರಗೆ ಬಂದದ್ದೇ ತಡ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಪ್ಪ ಹೇಳಿದ, "ನಾರಾಣೀ, ನಂದೂ ನಿಂದೂ ಒಟ್ಟಿಗೆ ಒಂದಾದ್ರೂ ಐತಾ? ನಿನ್ ಮದ್ವೇಲೂ ತೆಗಿಸ್ಲಿಲ್ಲ. ಬಾರಮ್ಮ."

ಅಣ್ಣ ಕರೆದ ಮೇಲೆ ಬಂದಳು. "ಒಂದೇ. ಎರಡ್ನೇದು ಕೇಳಂಗಿಲ್ಲ." ಇಬ್ಬರೂ ಜಗಲಿಯ ಮೇಲೆ ಕೋಲಿನ ಹಾಗೆ ನೆಟ್ಟಗೆ ಕೂತರು. ಒತ್ತಿದೆ. ಪರದೆಯ ಮೇಲೆ ಏನೋ ಮಿಂಚಿ ಹೋಯಿತು, ಬಿಸಿಲಲ್ಲಿ ಕಾಣಲಿಲ್ಲ. "ತಂದ್ಕೊಡ್ತೀಯಾ?" ಎಂದಳು. "ಮುಂದಿನ ವಾರವೇ ಅತ್ತೆ" ಎಂದೆ.

ಹಬ್ಬದ ರಜೆ ಮುಗಿಸಿ ಆಫೀಸಿಗೆ ಹೋದರೆ ಕಾರ್ಡು ನನ್ನ ಕಂಪ್ಯೂಟರಿನಲ್ಲಿ ಸಿಕ್ಕಿಸಿದಂತೆಯೇ ಇತ್ತು! ಬೀಳ್ಕೊಡುಗೆಯ ಫೋಟೋಗಳನ್ನು ಇಳಿಸಿ ಅಲ್ಲೇ ಮರೆತುಬಿಟ್ಟಿದ್ದೆ. ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ನೋಡಿದೆ. ಜಿಲೇಬಿ ಮ್ಯಾನೇಜರರು ಇದ್ದರು, ಅತ್ತೆ ಇರಲಿಲ್ಲ. ಸ್ಟುಡಿಯೋಗೆ ಒಯ್ದೆ. ರೀಲು ತೊಳೆದು ತೊಳೆದೇ ತಲೆ ನೆರೆತ ಯಜಮಾನರು ಕಾರ್ಡು ತಿರುಗಿಸಿ ನೋಡಿ, "ಕಾರ್ಡಿಲ್ದೆ ತೆಗುದ್ರೆ ರೀಲಿಲ್ದೆ ತೆಗೆದಂಗೆ ಸಾರ್. ಫೋಟೋ ಬಿದ್ದೇ ಇಲ್ಲ, ಬಿಡಿ" ಎಂದರು. ನನಗೂ ಅದು ಸರಿ ಅನ್ನಿಸಿತು. ಹಾಗಾದರೆ ಪರದೆಯ ಮೇಲೆ ಮಿಂಚಿದ್ದು ಏನು? ಕನ್ನಡಿಯಲ್ಲಿ ಕಂಡ ಹಾಗೆ ಕಂಡಿರಬೇಕು ಎಂದುಕೊಂಡೆ. ಅರ್ಥವಾಗದ್ದಕ್ಕೆ ನಾನೇ ಒಂದು ಅರ್ಥ ಕಟ್ಟಿ ಸುಮ್ಮನಾಗುವುದು ನನ್ನ ಹುಟ್ಟು ಗುಣ.

ಅತ್ತೆಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಕ್ಯಾಮೆರಾ ತೋರಿಸಿ ಮೆರೆದವನಿಗೆ ಹೇಗೆ ಬಾಯಿ ಬಂದೀತು? "ಪ್ರಿಂಟಿಗೆ ಕೊಟ್ಟಿದೀನಿ" ಎಂದೆ. "ಸ್ಟುಡಿಯೋದವ್ರ ಮನೇಲಿ ಮದುವೆ" ಎಂದೆ. "ಫ್ರೇಮು ಹಾಕಿಸ್ತಿದೀನಿ" ಎಂದೂ ಹೇಳಿಬಿಟ್ಟೆ. ಅವಳು ಫ್ರೇಮಿಗಾಗಿ ಗೋಡೆಗೆ ಮೊಳೆ ಹೊಡೆಸಿದಳು. ಹೀಗೆ ಎರಡು ವರ್ಷ.

ಆಮೇಲೆ ಅಪ್ಪ ಹೋಗಿಬಿಟ್ಟ. ತಿಥಿಯ ದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, "ಈಗಲಾದ್ರೂ ಕೊಡಪ್ಪ. ಅಣ್ಣನ ಜತೆ ನಂದು ಅದೊಂದೇ ಇರೋದು" ಎಂದಳು.

"ಅದು ಬಿದ್ದೇ ಇಲ್ಲ ಅತ್ತೆ" ಎಂದೆ.

ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಫೋಟೋ ಹೋದ್ರೆ ಹೋಗ್ಲಿ. ಎರಡು ವರ್ಷ ಕಾಯಿಸ್ದಲ್ಲೋ ನನ್ನ" ಎಂದಳು, ಅಷ್ಟೇ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅಪ್ಪನ ನಂತರ ಬಾಗಿನ ಒಯ್ಯಬೇಕಾದವನು ನಾನು. ಒಯ್ಯಲಿಲ್ಲ. ಒಂದು ವರ್ಷ ಆಡಿಟ್ಟು, ಒಂದು ವರ್ಷ ಮಂಡಿ ನೋವು. ಸರೋಜಳೇ ಮೊರ ಹೊತ್ತು ಹೋಗಿ ಬರುತ್ತಿದ್ದಳು. ಅತ್ತೆ ನನ್ನನ್ನು ವಿಚಾರಿಸಿದಳಾ ಎಂದು ನಾನು ಒಮ್ಮೆಯೂ ಕೇಳಲಿಲ್ಲ, ಸರೋಜಳೂ ಹೇಳಲಿಲ್ಲ.

ಬೀರುವಿಗೆ ವಾಪಸು ಬರೋಣ. ಬಾಗಿಲು ಮುಚ್ಚಲಿಲ್ಲ ನೋಡಿ, ಚಾರ್ಜರು ಸಿಕ್ಕಿಸಿದೆ. ಏನು ಹುಕಿಯೋ ಗೊತ್ತಿಲ್ಲ. ಒಂದು ಗಂಟೆ ಬಿಟ್ಟು ಗುಂಡಿ ಒತ್ತಿದರೆ ಅದೇ ಸಂಗೀತ, ಅದೇ ಮೂತಿ! ಇವತ್ತು ಯಾವ ತಾರೀಖು ಎಂದು ಕೇಳಿತು. ಅದರ ಲೆಕ್ಕದಲ್ಲಿ ಯಾವುದೋ ಹಳೆಯ ವರ್ಷದ ಜನವರಿ ಒಂದು. ಕಾರ್ಡಿನ ಗೂಡು ಖಾಲಿ ಇತ್ತು, ಮಗಳು ಯಾವತ್ತೋ ಕಿತ್ತು ಕಳೆದಿದ್ದಳು. ಫೋಟೋ ನೋಡುವ ಗುಂಡಿಯನ್ನು ಸುಮ್ಮನೆ ಒತ್ತಿದೆ.

ಅಪ್ಪ, ಅತ್ತೆ, ಜಗಲಿ.

ಬಿದ್ದೇ ಇಲ್ಲದ ಫೋಟೋ ಎಲ್ಲಿಂದ ಬಂತು? ಮಗಳಿಗೆ ಫೋನು ಮಾಡಿದರೆ ಅವಳು ನಕ್ಕಳು. "ಕಾರ್ಡಿಲ್ಲ ಅಂದ್ರೆ ಕ್ಯಾಮೆರಾ ತನ್ನ ಹೊಟ್ಟೇಲೇ ಇಟ್ಕೊಳುತ್ತಪ್ಪ. ಕಾರ್ಡ್ ಹಾಕಿದ್ರೆ ಕಾರ್ಡಲ್ಲಿರೋದನ್ನ ಮಾತ್ರ ತೋರ್ಸುತ್ತೆ." ಅಂದರೆ ಕಳೆದುಹೋಯಿತೇ ಎಂದು ನೋಡಲು ನಾನು ಕಾರ್ಡು ಹಾಕಿದಾಗಲೆಲ್ಲ, ನಾನೇ ಅದನ್ನು ಮರೆ ಮಾಡುತ್ತಿದ್ದೆ. ಇದು ಕ್ಯಾಮೆರಾದ ದೋಷವೋ ನನ್ನ ತಲೆಯ ದೋಷವೋ ಇವತ್ತಿಗೂ ಬಗೆಹರಿದಿಲ್ಲ.

ಫೋಟೋವಾದರೂ ನಾನು ತೆಗೆದದ್ದಲ್ಲ. ನಾನು ತೆಗೆದಾಗ ಇಬ್ಬರೂ ನೆಟ್ಟಗೆ ಕೂತಿದ್ದರು. ಅದು ಯೋಚನೆ ಮಾಡಿ ತೆಗೆಯುವಷ್ಟರಲ್ಲಿ ಅತ್ತೆ ಅಪ್ಪನ ಕಡೆ ತಿರುಗಿ "ಆಯ್ತಾ?" ಎಂದು ಕೇಳುತ್ತಿದ್ದಾಳೆ, ಅಪ್ಪ ಕಣ್ಣು ಮುಚ್ಚಿ ನಗುತ್ತಿದ್ದಾನೆ. ಮೂಲೆಯಲ್ಲಿ ನನ್ನ ಬೆರಳು.

ಸರೋಜ ಹೇಳಿದಂತೆ ಮೊಬೈಲಿನಿಂದ ಪರದೆಯ ಫೋಟೋ ತೆಗೆದೆ, ಗೆರೆಗೆರೆಯಾಗಿ ಬಂತು. ಕ್ಯಾಮೆರಾದ ಪಟ್ಟಿಯಲ್ಲಿ ‘ಕಾಪಿ’ ಎಂಬುದರ ಕೆಳಗೇ ‘ಫಾರ್ಮ್ಯಾಟ್’ ಎಂದಿತ್ತು. ಎಲ್ಲ ಅಳಿಸಿಹೋಗುವ ಗುಂಡಿ ಅದೇ ಎಂಬುದು ಮಾತ್ರ ನನಗೆ ಗೊತ್ತು. ನನ್ನ ಬೆರಳನ್ನು ನಂಬಲಾದೀತೇ? "ಏನೂ ಒತ್ಬೇಡಿ" ಎಂದಳು ಸರೋಜ. "ಈ ಸಲ ಬಾಗಿನ ನೀವೇ ತಗೊಂಡ್ಹೋಗಿ."

ಹೋದೆ. ಒಂದು ಕೈಯಲ್ಲಿ ಮೊರ, ಇನ್ನೊಂದು ಕೈ ಜೇಬಿನ ಮೇಲೆ. ಅತ್ತೆ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದಳು, ಬಾಗಿನ ಇಸಕೊಂಡು ಕಣ್ಣಿಗೊತ್ತಿಕೊಂಡಳು. ಒಳಗಿನ ಗೋಡೆಯ ಮೇಲೆ ಆ ಮೊಳೆ ಹಾಗೇ ಇತ್ತು, ಬರಿದಾಗಿ.

ಕ್ಯಾಮೆರಾ ತೆಗೆದು, ಗುಂಡಿ ಒತ್ತಿ ಫೋಟೋ ಬರಿಸಿ ಅವಳ ಕೈಗಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. "ಅಣ್ಣ ಕಣ್ಮುಚ್ಕೊಂಡವನೆ" ಎಂದಳು. ಆಮೇಲೆ ಪರದೆಯ ಮೇಲೆ ತನ್ನ ಮುಖದ ಹತ್ತಿರ ಬೆರಳು ತಂದಳು, ಆದರೆ ಮುಚ್ಚಲಿಲ್ಲ. "ಇವಳು ನಾನೇ" ಎಂದಳು.

ಅಷ್ಟರಲ್ಲಿ ಕೆಂಪು ಬ್ಯಾಟರಿಯ ಗುರುತು ಮಿಣುಕಿತು, ಮೂತಿ ಒಳಗೆ ಹೋಯಿತು, ಪರದೆ ಕಪ್ಪಾಯಿತು.

"ಮತ್ತೆ ಹೋಯ್ತಾ?"

"ಇಲ್ಲ ಅತ್ತೆ, ಒಳಗೇ ಐತೆ. ಚಾರ್ಜರ್ ತಂದಿದೀನಿ" ಎಂದೆ. ನನ್ನ ಮಾತು ನನಗೇ ಹಳೆಯ ಸುಳ್ಳಿನಂತೆ ಕೇಳಿಸಿತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಗಡಿಬಿಡಿಯಲ್ಲಿ ಗೋಡೆಯ ಪ್ಲಗ್ಗಿಗೆ ಚಾರ್ಜರು ಸಿಕ್ಕಿಸಿದೆ. ದೀಪ ಹತ್ತಲಿಲ್ಲ. ಕಿತ್ತು ಮತ್ತೆ ಸಿಕ್ಕಿಸಿದೆ.

"ಕರೆಂಟಿಲ್ಲ ಕಣೋ, ಸಾಯಂಕಾಲಕ್ಕೆ ಬರೋದು" ಎಂದಳು ಅತ್ತೆ. ಕ್ಯಾಮೆರಾವನ್ನು ಮಡಿಲಲ್ಲಿ ಹಾಕಿಕೊಂಡು, ಅಲಸಂದೆಕಾಯಿಯ ಪುಟ್ಟಿಯನ್ನು ನನ್ನ ಮುಂದೆ ತಳ್ಳಿದಳು. "ಕೂತ್ಕೋ. ಈಗ ನೀನು ಕಾಯಿ."